ಭಾನುವಾರ ರಾತ್ರಿ ಎಂಟಕ್ಕೆ, ಚಾಪೆಯ ಮೇಲೆ

ಮೊದಲು ಇದನ್ನು ನೋಡಿ. ನನ್ನ ಕೈಯಲ್ಲಿರುವುದು ಬೀಡು ಕಬ್ಬಿಣದ ಎರಕದ ತುಂಡು. ಸಣ್ಣ ಪಂಪೊಂದರ ಭಾಗ. ಮುಕ್ಕಾಲು ಕಿಲೋ ತೂಗಬಹುದು. ಹಿಂದಿನ ಸಾಲಿನವರಿಗೆ ಕಾಣಲಿಕ್ಕಿಲ್ಲ, ಇದರ ಒಂದು ಮಗ್ಗುಲಲ್ಲಿ ಶೇಂಗಾ ಬೀಜ ಕೂರುವಷ್ಟು ತೂತಿದೆ. ನಮ್ಮ ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಗಳಲ್ಲಿ, ಅಂದರೆ ಎರಕದ ಕಾರ್ಖಾನೆಗಳಲ್ಲಿ, ದುಡಿದವರು ಇಲ್ಲಿ ನಾಲ್ಕಾರು ಜನ ಇದ್ದೀರಿ, ನಿಮಗೆ ಬಿಡಿಸಿ ಹೇಳಬೇಕಿಲ್ಲ. ನಾವು ಇದಕ್ಕೆ ಬ್ಲೋಹೋಲ್ ಅಂತೀವಿ.

ಉಳಿದವರಿಗಾಗಿ ಹೇಳುತ್ತೇನೆ. ಮರಳಿಗೆ ಬೆಂಟೊನೈಟ್ ಮಣ್ಣು, ಸ್ವಲ್ಪ ನೀರು ಹಾಕಿ ಕಲಸಿ, ಗಟ್ಟಿಯಾಗಿ ಬಡಿದು ಅಚ್ಚು ಮಾಡುತ್ತೇವೆ. ಅದರೊಳಗೆ 1350 ಡಿಗ್ರಿಯ ಆಸುಪಾಸು ಕಾದ ಬೀಡು ಹೊಯ್ಯುತ್ತೇವೆ. ಮರಳಿನಲ್ಲಿದ್ದ ನೀರು ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಹಬೆಯಾಗುತ್ತದೆ. ಆ ಹಬೆಗೆ ಹೊರಗೆ ಹೋಗಲು ದಾರಿ ಬೇಕು. ಅದಕ್ಕೇ ಅಚ್ಚಿಗೆ ಅಲ್ಲಲ್ಲಿ ತಂತಿ ಚುಚ್ಚಿ ಸಣ್ಣ ತೂತು ಬಿಟ್ಟಿರುತ್ತೇವೆ. ನೀರು ಜಾಸ್ತಿಯಾದರೆ, ಇಲ್ಲವೇ ತಂತಿ ಚುಚ್ಚುವುದು ಮರೆತರೆ, ಹಬೆ ಬೀಡಿನೊಳಗೇ ಸಿಕ್ಕಿಬೀಳುತ್ತದೆ. ಮೇಲಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ. ತುಂಡು ಚೆಂದವಾಗಿಯೇ ಇರುತ್ತದೆ. ಲೇತ್ ಮೇಲೆ ಹಾಕಿ ಎರಡು ಮಿಲಿಮೀಟರ್ ತೆಗೆದಾಗ ತೂತು ಬಾಯಿ ಬಿಡುತ್ತದೆ. ಅಷ್ಟೊತ್ತಿಗೆ ಮಾಡಿದ ಕೆಲಸವೆಲ್ಲ ಹಾಳು. ತುಂಡು ವಾಪಸ್ ಕುಲುಮೆಗೆ.

ಈ ಒಂದನ್ನು ಕುಲುಮೆಗೆ ಹಾಕದೆ ಮೇಸ್ತ್ರಿಯನ್ನು ಕೇಳಿ ಮನೆಗೆ ತಂದೆ. ನಾಲ್ಕು ವರ್ಷದಿಂದ ನಮ್ಮ ಮನೆಯಲ್ಲಿ ಭಾನುವಾರ ರಾತ್ರಿ ಎಂಟಕ್ಕೆ ಇದು ಚಾಪೆಯ ಮೇಲೆ ಬರುತ್ತದೆ. ಯಾರ ಕೈಯಲ್ಲಿ ಇದು ಇರುತ್ತದೋ ಅವರು ಮಾತಾಡಬೇಕು. ಉಳಿದವರು ಬಾಯಿ ಮುಚ್ಚಿಕೊಂಡು ಕೇಳಬೇಕು. ಇವತ್ತು ನಾನು ಹೇಳಬೇಕೆಂದು ಬಂದ ವಿಷಯ ಇಷ್ಟೇ. ಆದರೆ ನಮ್ಮ ಚರ್ಚಿನ ಫಾದರ್ ಮುಕ್ಕಾಲು ಗಂಟೆ ಕೊಟ್ಟಿದ್ದಾರೆ, ಹಾಗಾಗಿ ಸ್ವಲ್ಪ ಉದ್ದ ಮಾಡುತ್ತೇನೆ.

ಇದು ಶುರುವಾದದ್ದು ಒಂದು ಬೇಕರಿಯಲ್ಲಿ. ಊರಿನ ಕ್ಯಾಂಪ್ ಪ್ರದೇಶದಲ್ಲಿ ನಾವು ಯಾವಾಗಲೂ ಬ್ರೆಡ್ ತರುವ ಅಂಗಡಿ. ಆಗ ಮಗಳು ಮಂಗಳೂರಿನಲ್ಲಿ ನರ್ಸಿಂಗ್ ಮೊದಲನೇ ವರ್ಷದಲ್ಲಿದ್ದಳು. ರಜೆಗೆ ಬಂದಿದ್ದಳು. ಅಂಗಡಿಯವರು ಬ್ರೆಡ್ ಕಟ್ಟಿಕೊಡುತ್ತಾ ಕೇಳಿದರು: "ಏನ್ರಿ, ನಿಮ್ಮ ಮಗಳು ನರ್ಸಿಂಗ್ ಬಿಡ್ತಾಳಂತಲ್ಲಾ?" ಅವರ ಮಗಳೂ ನನ್ನ ಮಗಳೂ ಗೆಳತಿಯರು. ನನಗೆ ಗೊತ್ತಿಲ್ಲದ್ದು ಬೇಕರಿಗೆ ಗೊತ್ತಿತ್ತು. ನಾನು "ಹೌದ್ರಿ, ವಿಚಾರ ಮಾಡಾಕತ್ತೀವಿ" ಅಂದು ಮರ್ಯಾದೆ ಉಳಿಸಿಕೊಂಡು ಬಂದೆ.

ಆ ಸಂಜೆ ಎಂದಿನಂತೆ ಎಲ್ಲರೂ ಮಂಡಿಯೂರಿ, ಮಣಿ ಎಣಿಸುತ್ತಾ ಮರಿಯಮ್ಮನವರಿಗೆ ಮಾಡುವ ಪ್ರಾರ್ಥನೆ, ಜಪಸರ, ಹೇಳಿದೆವು. ಐದೂ ರಹಸ್ಯ, ಅಂದರೆ ಯೇಸು ಮರಿಯಮ್ಮನವರ ಬಾಳಿನ ಐದು ಘಟನೆ ನೆನೆಯುತ್ತಾ. ಮಗಳು ನನ್ನ ಪಕ್ಕದಲ್ಲೇ ಇದ್ದಳು. ಅವಳ ಮೊಣಕೈ ನನಗೆ ತಾಗುತ್ತಿತ್ತು. ಐವತ್ಮೂರು ಸಲ ನಮೋ ಮರಿಯಾ ಹೇಳಿದೆವು, ಅವಳ ಮನಸ್ಸಿನಲ್ಲಿ ಏನಿದೆ ಅನ್ನುವುದು ಒಂದು ಸಲವೂ ಬಾಯಿಗೆ ಬರಲಿಲ್ಲ. ಜಪಸರದ ತಪ್ಪು ಅಂತ ಹೇಳುತ್ತಿಲ್ಲ. ಅದನ್ನು ಇವತ್ತಿಗೂ ಬಿಟ್ಟಿಲ್ಲ. ಆದರೆ ದೇವರ ಜೊತೆ ದಿನಾ ಮಾತಾಡುವ ಮನೆಯಲ್ಲಿ ಒಬ್ಬರ ಜೊತೆ ಒಬ್ಬರು ಮಾತಾಡುವುದಿಲ್ಲ ಅಂದರೆ ಏನೋ ತಪ್ಪಿದೆ ಅನಿಸಿತು.

ಹೆಂಡತಿಗೆ ಹೇಳಿದೆ. ಅವಳು ಬಾಗಲಕೋಟೆ ಕಡೆಯವಳು, ಸುತ್ತಿ ಬಳಸಿ ಮಾತಾಡುವುದಿಲ್ಲ. "ನೀವು ಕೇಳೂದು ಯಾವಾಗ್ರಿ? ಯಾರರ ಬಾಯಿ ತೆಗದ್ರ ನೀವು ಉತ್ತರಾ ಕೊಡಾಕ ಚಾಲೂ ಮಾಡ್ತೀರಿ" ಅಂದಳು. ಆ ಮಾತು ಚುಚ್ಚಿತು. ಚುಚ್ಚಿದ್ದು ಒಳ್ಳೆಯದೇ ಆಯಿತು, ತಂತಿ ಹಾಗೇ ಅಲ್ವಾ ಕೆಲಸ ಮಾಡುವುದು.

ಹೀಗೆ ಭಾನುವಾರ ಒಟ್ಟಿಗೆ ಕೂರುವುದು ಶುರುವಾಯಿತು. ಪದ್ಧತಿ ನಾನು ಹುಟ್ಟಿಸಿದ್ದಲ್ಲ. ನಮ್ಮ ಊರಿನಲ್ಲಿ ಸೇಂಟ್ ಪಾಲ್ಸ್ ಶಾಲೆ ನಡೆಸುವ ಯೇಸುಸಭೆಯವರ, ಅಂದರೆ ಜೆಸ್ವಿಟ್ ಗುರುಗಳ ಸಂಘದ, ಸ್ಥಾಪಕರು ಲೊಯೋಲದ ಸಂತ ಇಗ್ನೇಷಿಯಸ್. ಅವರು ದಿನದ ಕೊನೆಗೆ ಮಾಡಲು ಒಂದು ಆತ್ಮಶೋಧನೆ ಹೇಳಿಕೊಟ್ಟಿದ್ದಾರೆ. ಐದು ಹೆಜ್ಜೆ. ಮೊದಲು ಉಪಕಾರ ನೆನೆಯುವುದು. ಆಮೇಲೆ ಬೆಳಕು ಬೇಡುವುದು, ಹೊತ್ತು ಹೊತ್ತಿನ ಲೆಕ್ಕ ನೋಡುವುದು, ಕ್ಷಮೆ ಕೇಳುವುದು, ನಾಳೆಗೆ ಮನಸ್ಸು ಮಾಡುವುದು. ತಪ್ಪಿನ ಲೆಕ್ಕಕ್ಕಿಂತ ಮೊದಲು ಉಪಕಾರ ಇಟ್ಟಿದ್ದಾರೆ, ಅದನ್ನು ಗಮನಿಸಿ. ಅದನ್ನೇ ನಾವು ವಾರಕ್ಕೊಮ್ಮೆ, ಮನೆಮಂದಿ ಜೊತೆ ಮಾಡುವಂತೆ ಕತ್ತರಿಸಿ ಹೊಲಿದುಕೊಂಡೆವು. ಮೂರು ಪ್ರಶ್ನೆ ಉಳಿಸಿಕೊಂಡೆವು: ಈ ವಾರ ಯಾವುದಕ್ಕೆ ದೇವರಿಗೆ ಉಪಕಾರ ಹೇಳಬೇಕು? ಎದೆ ಮೇಲೆ ಏನು ಭಾರ ಕೂತಿದೆ? ದೇವರು ಎಲ್ಲಿ ಹತ್ತಿರ ಬಂದರು ಅನಿಸಿತು?

ಇಗ್ನೇಷಿಯಸರ ಕಥೆ ಎರಡು ನಿಮಿಷ ಹೇಳಿಬಿಡುತ್ತೇನೆ, ಎರಡನೇ ಪ್ರಶ್ನೆಗೆ ಬೇಕಾಗುತ್ತದೆ. 1521ರ ಮೇ 20ರಂದು ಪಾಂಪ್ಲೋನ ಕೋಟೆಯ ಕಾಳಗದಲ್ಲಿ ತೋಪಿನ ಗುಂಡು ಬಡಿದು ಅವರ ಕಾಲು ಮುರಿಯಿತು. ಆಗಿನ್ನೂ ಅವರು ಸಂತರಲ್ಲ. ಹೆಸರು, ಮೀಸೆ, ಕತ್ತಿ ಅಂತ ಓಡಾಡುತ್ತಿದ್ದ ಮನುಷ್ಯ. ತಿಂಗಳುಗಟ್ಟಲೆ ಮನೆಯಲ್ಲಿ ಮಲಗಬೇಕಾಯಿತು. ಓದಲು ವೀರರ ಕಥೆ ಕೇಳಿದರು. ಮನೆಯಲ್ಲಿ ಸಿಕ್ಕಿದ್ದು ಕ್ರಿಸ್ತನ ಚರಿತ್ರೆ ಮತ್ತು ಸಂತರ ಕಥೆಗಳು. ಬೇಜಾರಿಗೆ ಅದನ್ನೇ ಓದಿದರು. ಕುದುರೆ, ಕತ್ತಿ, ಅರಮನೆಯ ಹೆಂಗಸರ ಕನಸು ಕಾಣುವಾಗಲೂ ಖುಷಿಯಾಗುತ್ತಿತ್ತು, ಸಂತರ ಹಾಗೆ ಬದುಕಬೇಕು ಅಂದುಕೊಳ್ಳುವಾಗಲೂ ಖುಷಿಯಾಗುತ್ತಿತ್ತು. ಆದರೆ ಮೊದಲನೆಯದು ಮುಗಿದ ಮೇಲೆ ಒಳಗೆ ಒಣಗಿದ ಹಾಗೆ. ಎರಡನೆಯದು ಮುಗಿದ ಮೇಲೂ ಖುಷಿ ಹಾಗೇ ಉಳಿಯುತ್ತಿತ್ತು. ಊಟ ಮಾಡುವಾಗ ಎಲ್ಲವೂ ರುಚಿಯೇ, ಅರ್ಧ ಗಂಟೆ ಬಿಟ್ಟು ಬಾಯಲ್ಲಿ ಏನು ಉಳಿದಿದೆ ನೋಡು, ಅನ್ನುವ ಹಾಗೆ. ನಾವು ವಾರಕ್ಕೊಮ್ಮೆ ಕೇಳುವುದು ಇದನ್ನೇ. ಏನು ನಡೆಯಿತು ಅನ್ನುವ ವರದಿ ಬೇಡ. ಏನು ಉಳಿಯಿತು ಅನ್ನುವುದು ಬೇಕು.

ಸರಿ, ಚಾಪೆಗೆ ಬರೋಣ. ಮೊದಲ ಭಾನುವಾರ ದೊಡ್ಡ ತಮಾಷೆ. ಕೈಯಲ್ಲಿ ಹಿಡಿಯಲು ಏನಾದರೂ ಬೇಕಲ್ಲ, ಮಗ ಅಡುಗೆಮನೆಯಿಂದ ಲಟ್ಟಣಿಗೆ ತಂದ. ಅವನ ಅಮ್ಮ "ಅದು ನನ್ನ ಕೈಯಾಗ ಬಂದಾಗ ನಿಮ್ಮಪ್ಪ ಮಾತಾಡ್ತಾನೇನು?" ಅಂದಳು. ಹಾಗಾಗಿ ಈ ಎರಕದ ತುಂಡು ಬಂತು. ಫೋನುಗಳು ಖಾಲಿ ಅಕ್ಕಿ ಡಬ್ಬಿಯೊಳಗೆ. ಮಧ್ಯದಲ್ಲಿ ಒಂದು ಮೇಣದಬತ್ತಿ. ನಾನು, ಹೆಂಡತಿ, ಪಿಯುಸಿ ಎರಡನೇ ವರ್ಷದ ಮಗ, ನನ್ನ ಮಾಯ್. ನಾವು ಖಾನಾಪುರ ಕಡೆಯವರು, ತಾಯಿಗೆ ಮಾಯ್ ಅಂತೀವಿ. ಮಾಯ್‌ಗೆ ಕೆಳಗೆ ಕೂರಲು ಆಗುವುದಿಲ್ಲ, ಅವರಿಗೆ ಕುರ್ಚಿ. ಮಗಳು ಕಾಲೇಜಿಗೆ ವಾಪಸ್ ಹೋಗಿದ್ದಳು, ಅವಳಿಗೆ ಫೋನು ಹಚ್ಚುವುದು ಮುಗಿದ ಮೇಲೆ.

ಈ ಫೋನಿನ ವಿಷಯಕ್ಕೆ ಒಂದು ಹಳೆಯ ದಾಖಲೆ ಇದೆ. ಎರಡನೇ ಶತಮಾನದಲ್ಲಿ ಸಂತ ಜಸ್ಟಿನ್ ಎಂಬವರು ಕ್ರೈಸ್ತರು ಭಾನುವಾರ ಏನು ಮಾಡುತ್ತಾರೆ ಅಂತ ರೋಮಿನ ಚಕ್ರವರ್ತಿಗೆ ಬರೆದು ತಿಳಿಸಿದರು. ಊರಿನವರು, ಹಳ್ಳಿಯವರು ಒಂದೆಡೆ ಸೇರುತ್ತಾರೆ, ಓದುತ್ತಾರೆ, ಪ್ರಾರ್ಥಿಸುತ್ತಾರೆ, ರೊಟ್ಟಿ ಹಂಚಿಕೊಳ್ಳುತ್ತಾರೆ. ಬರಲು ಆಗದವರ ಪಾಲನ್ನು ಸೇವಕರು ಅವರ ಮನೆಗೆ ಒಯ್ದು ಕೊಡುತ್ತಾರೆ. ಆ ಕೊನೆಯ ಮಾತು ನನಗೆ ಬಹಳ ಹಿಡಿಸಿತು. ಮಗಳಿಗೆ ಹಚ್ಚುವ ಫೋನು ಅದೇ, ಅವಳ ಪಾಲು.

ಮೂರು ಭಾನುವಾರ ಮಗ ಒಂದೇ ಉತ್ತರ ಕೊಟ್ಟ. "ಏನಿಲ್ಲ." ಮೂರೂ ಪ್ರಶ್ನೆಗೆ. ಮೂರನೇ ವಾರ ನನಗೆ ತಡೆಯಲಾಗಲಿಲ್ಲ. ದೇವರು ಎಷ್ಟು ಕೊಟ್ಟಿದ್ದಾರೆ, ನಾನು ನಿನ್ನ ವಯಸ್ಸಿನಲ್ಲಿ ಏನು ಮಾಡುತ್ತಿದ್ದೆ ಅಂತ ಹತ್ತು ನಿಮಿಷ ಭಾಷಣ ಹೊಡೆದೆ. ತುಂಡು ನನ್ನ ಕೈಯಲ್ಲಿ ಇರಲೂ ಇಲ್ಲ! ಆ ರಾತ್ರಿ ಹೆಂಡತಿ "ಇನ್ನ ಬ್ಯಾಡ ಬಿಡ್ರಿ ಇದು" ಅಂದಳು. ಮುಂದಿನ ವಾರ ನಾನು ಎಲ್ಲರ ಮುಂದೆ ಮಗನ ಕ್ಷಮೆ ಕೇಳಿದೆ. ಭಾಷಣಕ್ಕೆ. "ಏನಿಲ್ಲ" ಅನ್ನುವುದೂ ಒಂದು ಉತ್ತರ ಅಂತ ಆವತ್ತು ನಿಯಮ ಆಯಿತು.

ಆಮೇಲೆ ಎರಡು ವಾರಕ್ಕೆ ಅವನು ಬಾಯಿ ಬಿಟ್ಟ. ತುಂಡನ್ನು ತಿರುಗಿಸುತ್ತಾ ತಿರುಗಿಸುತ್ತಾ, ಆ ತೂತಿನಲ್ಲಿ ಬೆರಳಿನ ತುದಿ ಇಟ್ಟುಕೊಂಡು ಹೇಳಿದ. ಎರಡು ತಿಂಗಳಿಂದ ಫಿಸಿಕ್ಸ್ ಟ್ಯೂಷನ್ನಿಗೆ ಹೋಗಿಲ್ಲ. ಆ ಹೊತ್ತಿಗೆ ಕೋಟೆ ಕೆರೆ ದಂಡೆಯಲ್ಲಿ ಸುಮ್ನೆ ಕೂತು ಬರುತ್ತಿದ್ದೇನೆ. ನನಗೆ ಅರ್ಥ ಆಗುತ್ತಿಲ್ಲ, ಸೈನ್ಸ್ ಬೇಡ.

ಟ್ಯೂಷನ್ನಿನ ಫೀ ನಾನು ಓವರ್‌ಟೈಮ್ ಮಾಡಿ ಕಟ್ಟಿದ್ದೆ. ಬಾಯಿ ತನಗೆ ತಾನೇ ತೆರೆಯಿತು. ಹೆಂಡತಿ ಚಾಪೆಯ ಮೇಲೇ ಕೈ ಸರಿಸಿ ನನ್ನ ಕಾಲಿನ ಹೆಬ್ಬೆರಳನ್ನು ಹಿಚುಕಿದಳು. ಗಟ್ಟಿಯಾಗಿ. ನಾನು ಸುಮ್ಮನಾದೆ. ಮೇಣದಬತ್ತಿ ಚಟಚಟ ಅಂದದ್ದು ಕೇಳಿಸಿತು. ಮಗ ತುಂಡನ್ನು ನನ್ನ ಕೈಗೆ ಕೊಟ್ಟ, ಈಗ ನನ್ನ ಸರದಿ. ಅದು ಬೆಚ್ಚಗಿತ್ತು. ಅವನು ಅಷ್ಟು ಹೊತ್ತು ಬಿಗಿಯಾಗಿ ಹಿಡಿದುಕೊಂಡಿದ್ದ. ಫೌಂಡ್ರಿಯಲ್ಲಿ ಇಪ್ಪತ್ತಾರು ವರ್ಷದಲ್ಲಿ ಎಷ್ಟೋ ಬಿಸಿ ಬೀಡು ಮುಟ್ಟಿದ್ದೇನೆ, ಇದನ್ನು ಮರೆಯಲಾರೆ. ನಾನು "ನನಗ ಸಿಟ್ಟು ಬಂದೈತಿ. ಭಾರ ಅದು. ಇನ್ನೇನೂ ಹೇಳೂದಿಲ್ಲ" ಅಂದೆ. ಅಷ್ಟೇ. ಮಾತುಕತೆ ಸೋಮವಾರ, ಮಂಗಳವಾರ ಆಯಿತು. ಜಗಳವೂ ಆಯಿತು, ಸುಳ್ಳು ಯಾಕೆ ಹೇಳಲಿ. ಮಗ ಈಗ ಬಿಕಾಂ ಕೊನೆಯ ವರ್ಷದಲ್ಲಿದ್ದಾನೆ. ಮಗಳು ನರ್ಸಿಂಗ್ ಬಿಡಲಿಲ್ಲ, ಆದರೆ ಯಾಕೆ ಬಿಡಬೇಕು ಅನಿಸಿತ್ತು ಅನ್ನುವುದನ್ನು ಬೇಕರಿಯಿಂದಲ್ಲ, ಅವಳ ಬಾಯಿಂದಲೇ ಕೇಳಿದೆ.

ಮಾತಾಡಿದವರಿಗೆ ತಿರುಗಿ ಉತ್ತರ ಕೊಡಬಾರದು ಅನ್ನುವ ಈ ನಿಯಮವೇ ಇದರ ಜೀವ. ಪ್ರಶ್ನೆ ನಾಲ್ಕಾಗಲಿ ಎರಡಾಗಲಿ, ಮೇಣದಬತ್ತಿ ಇರಲಿ ಬಿಡಲಿ, ನಡೆಯುತ್ತದೆ. ಉತ್ತರ ಕೊಡಲು ಹೊರಟಿರೋ, ಮುಗಿಯಿತು. ಎಲ್ಲರೂ ಮುಂದಿನ ವಾರದಿಂದ ಬರೀ ಒಳ್ಳೆ ಸುದ್ದಿ ಹೇಳಲು ಶುರು ಮಾಡುತ್ತಾರೆ.

ಇದು ಮನಃಶಾಸ್ತ್ರದವರ ಮಾತು, ಇದರಲ್ಲಿ ವಿಶ್ವಾಸ ಎಲ್ಲಿ ಬಂತು ಅಂತ ಕೇಳಬಹುದು. ಲೂಕನ ಶುಭಸಂದೇಶದ 24ನೇ ಅಧ್ಯಾಯ ತೆಗೆಯಿರಿ. ಇಬ್ಬರು ಶಿಷ್ಯರು ಜೆರುಸಲೇಮಿನಿಂದ ಎಮ್ಮಾವುಗೆ ನಡೆದು ಹೊರಟಿದ್ದಾರೆ. ಹನ್ನೊಂದು ಕಿಲೋಮೀಟರ್, ಹೆಚ್ಚುಕಡಿಮೆ ಇಲ್ಲಿಂದ ಸಾಂಬ್ರಾಕ್ಕೆ ನಡೆದಷ್ಟು. ಮುಖ ಬಾಡಿದೆ. ಪುನರುತ್ಥಾನದ ದಿನವೇ ಅದು. ಯೇಸು ಬಂದು ಜೊತೆಗೂಡುತ್ತಾರೆ, ಇವರಿಗೆ ಗುರುತು ಸಿಗುವುದಿಲ್ಲ. ಅವರು "ನಾನೇ ಕಣ್ರಪ್ಪಾ, ಎದ್ದು ಬಂದಿದ್ದೇನೆ" ಅಂತ ಹೇಳಬಹುದಿತ್ತು, ಒಂದೇ ಮಾತಿಗೆ ಕಥೆ ಮುಗಿಯುತ್ತಿತ್ತು. ಹೇಳಲಿಲ್ಲ. ಏನು ಮಾತಾಡಿಕೊಂಡು ಹೋಗುತ್ತಿದ್ದೀರಿ ಅಂತ ಕೇಳಿದರು. ಕ್ಲೆಯೋಫ ಸಿಡುಕಿದ: ಊರಿಗೆಲ್ಲ ಗೊತ್ತಿರುವುದು ನಿನಗೊಬ್ಬನಿಗೆ ಗೊತ್ತಿಲ್ಲವೇ? ಅದಕ್ಕೆ ಯೇಸುವಿನ ಉತ್ತರ ನೋಡಿ. ಏನು ನಡೆಯಿತು? ಅಂತ ಮತ್ತೆ ಕೇಳುತ್ತಾರೆ. ಶಿಲುಬೆಗೆ ಏರಿದ್ದು ಇವರೇ, ಮೊಳೆ ಹೊಡೆಸಿಕೊಂಡದ್ದು ಇವರೇ, ಆದರೂ ಏನು ನಡೆಯಿತು ಅಂತ ಕೇಳುತ್ತಾರೆ. ಆ ಇಬ್ಬರು ಇಡೀ ಕಥೆ ಹೇಳುತ್ತಾರೆ. ಹೆಂಗಸರು ಬಂದು ಸಮಾಧಿ ಖಾಲಿ ಅಂದರು, ನಮಗೆ ಏನೂ ತಿಳಿಯದಾಯಿತು, ನಾವು ಎಷ್ಟೊಂದು ಆಸೆ ಇಟ್ಟುಕೊಂಡಿದ್ದೆವು ಅನ್ನುತ್ತಾರೆ. ಯೇಸು ಪೂರ್ತಿ ಕೇಳಿಸಿಕೊಳ್ಳುತ್ತಾರೆ.

ಆಮೇಲೆ ಬೈದರಲ್ಲ ಅಂತ ಬೈಬಲ್ ಚೆನ್ನಾಗಿ ಓದಿದವರು ಹಿಡಿಯುತ್ತೀರಿ. ಹೌದು, ಬುದ್ಧಿ ಇಲ್ಲದವರೇ ಅಂದರು. ಆದರೆ ಯಾವಾಗ? ಕಥೆ ಮುಗಿದ ಮೇಲೆ. ಅಪ್ಪಂದಿರಿಗೆ ಇದು ಉಪಯೋಗಕ್ಕೆ ಬರುವ ವಿಷಯ. ಬೈಯಬೇಡಿ ಅಂತ ನಾನು ಹೇಳುತ್ತಿಲ್ಲ, ಸೋಮವಾರ ಬೈಯಿರಿ.

ಉಪಕಾರದ ಪ್ರಶ್ನೆಗೆ ನಮ್ಮ ಮನೆಯಲ್ಲಿ ಬೇರೆಯೇ ತೊಂದರೆ ಇತ್ತು. ಪೋಪ್ ಫ್ರಾನ್ಸಿಸ್ ಅವರು 2016ರಲ್ಲಿ ಕುಟುಂಬದ ಬಗ್ಗೆ ಬರೆದ ಪತ್ರದಲ್ಲಿ ಮನೆಯಲ್ಲಿ ಮೂರು ಮಾತು ಇರಬೇಕು ಅಂದಿದ್ದಾರೆ. ದಯವಿಟ್ಟು, ಧನ್ಯವಾದ, ಕ್ಷಮಿಸು. ಒಳ್ಳೆಯ ಮಾತು. ಆದರೆ ನೀವೇ ಹೇಳಿ, ನಮ್ಮ ಕಡೆ ಯಾರಾದರೂ ಹೆಂಡತಿಗೆ "ಧನ್ಯವಾದಗಳು" ಅಂದದ್ದುಂಟೇ? ಅಂದರೆ ಅವಳು ಜ್ವರ ಬಂದಿದೆಯಾ ಅಂತ ಹಣೆ ಮುಟ್ಟಿ ನೋಡುತ್ತಾಳೆ. "ಪಲ್ಯ ಚಲೋ ಆಗೇತಿ" ಅನ್ನುವುದೇ ನಮ್ಮ ಧನ್ಯವಾದ. ಇನ್ನೊಂದು ರೊಟ್ಟಿ ಹಾಕಿಸಿಕೊಳ್ಳುವುದು ಧನ್ಯವಾದ. ಹಾಗಾಗಿ ಮೊದಮೊದಲು ಎಲ್ಲರೂ ಮಳೆ ಬಂತು, ಸಂಬಳ ಬಂತು ಅಂತ ದೂರದ ಉಪಕಾರವನ್ನೇ ಹೇಳುತ್ತಿದ್ದೆವು. ಪಕ್ಕದಲ್ಲಿ ಕೂತವರ ಹೆಸರು ಬರುತ್ತಿರಲಿಲ್ಲ.

ದಾರಿ ತೋರಿಸಿದ್ದು ಮಾಯ್. ಅವರು ಚಾಪೆಯ ಹತ್ತಿರ ಕೊಂಕಣಿಯಲ್ಲೇ ಮಾತಾಡುವುದು. ಮೊದಲು ನಾನು ಕನ್ನಡದಲ್ಲಿ ಹೇಳು ಅಂತಿದ್ದೆ, ಸೊಸೆಗೆ ತಿಳಿಯಲಿ ಅಂತ. ಎರಡು ಸಲ ಮಾಯ್ ಕನ್ನಡದಲ್ಲಿ ಎರಡೇ ವಾಕ್ಯ ಹೇಳಿ ತುಂಡು ದಾಟಿಸಿಬಿಟ್ಟರು. ಮೂರನೇ ಸಲ ಹೆಂಡತಿಯೇ "ಅತ್ತಿ, ನಿಮ್ಮ ಭಾಷಾದಾಗ ಹೇಳ್ರಿ, ನನಗ ತಿಳೀತೈತಿ" ಅಂದಳು. ಆವತ್ತು ಮಾಯ್ ಹದಿನೈದು ನಿಮಿಷ ಮಾತಾಡಿದರು. ಬೆಳಗಾವಿಯ ಚರ್ಚುಗಳಲ್ಲಿ ಪೂಜೆ ಯಾವ ಭಾಷೆಯಲ್ಲಿ, ಎಷ್ಟು ಗಂಟೆಗೆ ಅನ್ನುವ ಜಗಳ ನಮಗೆಲ್ಲ ಗೊತ್ತಿರುವುದೇ. ಚಾಪೆಯ ಮೇಲೆ ಆ ಜಗಳ ಇಲ್ಲ. ಎದೆ ಯಾವ ಭಾಷೆಯಲ್ಲಿ ಬಾಯಿ ಬಿಡುತ್ತದೋ ಅದೇ ಭಾಷೆ.

ಆ ದಿನ ಮಾಯ್ ಸೊಸೆಯ ಕಡೆ ತಿರುಗಿ "ದೇವ್ ಬರೆಂ ಕರುಂ" ಅಂದರು. ಕೊಂಕಣಿಯಲ್ಲಿ ಥ್ಯಾಂಕ್ಸ್ ಹೇಳುವುದು ಹೀಗೆ. ದೇವರು ಒಳ್ಳೆಯದು ಮಾಡಲಿ ಅಂತ ಅರ್ಥ. ಸಾಲ ನಾನು ತೀರಿಸಲಾರೆ, ಅವನು ತೀರಿಸಲಿ ಅಂದ ಹಾಗೆ. ದಿನಾ ಅಂಗಡಿಯಲ್ಲಿ, ಬಾಗಿಲಲ್ಲಿ ಅನ್ನುವ ಮಾತೇ. ಅದನ್ನು ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಸೊಸೆಯ ಮುಖ ನೋಡಿ ಅಂದಿದ್ದರು. ಯಾವುದಕ್ಕೆ ಅಂತೀರಾ? ಕಾಲಿನ ಉಗುರು ಕತ್ತರಿಸಿಕೊಟ್ಟದ್ದಕ್ಕೆ.

ಮೂರನೇ ಪ್ರಶ್ನೆ ಕಷ್ಟದ್ದು. ದೇವರು ಎಲ್ಲಿ ಹತ್ತಿರ ಬಂದರು? ನಮಗೆ ದೇವರು ಅಂದರೆ ಪೂಜೆಯಲ್ಲಿ, ಪರಮಪ್ರಸಾದದಲ್ಲಿ, ಹೆಚ್ಚೆಂದರೆ ಗೋವಾಕ್ಕೆ ಹೋಗಿ ಸಂತ ಫ್ರಾನ್ಸಿಸ್ ಕ್ಸೇವಿಯರ್ ಅವರ ದೇಹ ಇಟ್ಟಿರುವ ಪೆಟ್ಟಿಗೆಯ ಮುಂದೆ. ಬುಧವಾರ ಮಧ್ಯಾಹ್ನ ದೇವರು ಎಲ್ಲಿರುತ್ತಾರೆ ಅಂತ ನಾವು ನೋಡುವುದಿಲ್ಲ. ಒಂದು ವಾರ ಮಾಯ್ ಹೇಳಿದ್ದು: "ಬಸ್ಸಿನ ಕಂಡಕ್ಟರ್ ನಾನು ಕೂರುವವರೆಗೂ ಸೀಟಿ ಊದಲಿಲ್ಲ." ಮೊಮ್ಮಗ ನಕ್ಕ. ನಾನೂ ನಕ್ಕೆ. ಆದರೆ ಮುಂದಿನ ವಾರ ಪೂರ್ತಿ, ಯಾರು ಯಾರಿಗಾಗಿ ಕಾಯುತ್ತಿದ್ದಾರೆ ಅಂತ ಕಣ್ಣು ತಾನಾಗಿ ನೋಡತೊಡಗಿತು. ಈ ಪ್ರಶ್ನೆ ಭಾನುವಾರದ್ದಲ್ಲ, ಸೋಮವಾರದಿಂದ ಶನಿವಾರದವರೆಗಿನದು ಅಂತ ಆಗ ತಿಳಿಯಿತು. ಭಾನುವಾರ ಕೇಳುತ್ತಾರೆ ಅಂತ ಗೊತ್ತಿದ್ದರೆ ವಾರವೆಲ್ಲ ಹುಡುಕುತ್ತೀರಿ.

ಎರಡು ಎಚ್ಚರಿಕೆ ಹೇಳಬೇಕು. ಇದು ಪಾಪನಿವೇದನೆ ಅಲ್ಲ. ಪಾಪದ ಕ್ಷಮೆಗೆ ಗುರುಗಳ ಹತ್ತಿರ ಹೋಗಬೇಕು. ಅಲ್ಲಿ ಹೇಳಿದ್ದು ಅವರ ಜೊತೆಗೇ ಸಮಾಧಿಗೆ ಹೋಗುತ್ತದೆ. ಮನೆಯ ಚಾಪೆಗೆ ಅಂಥ ಮುದ್ರೆ ಇಲ್ಲ, ಅದಕ್ಕೆ ನಾವೇ ಮಾತು ಕೊಟ್ಟುಕೊಳ್ಳಬೇಕು. ಇಲ್ಲಿ ಕೇಳಿದ್ದನ್ನು ಬುಧವಾರದ ಜಗಳದಲ್ಲಿ ಅಸ್ತ್ರ ಮಾಡಬಾರದು. ಒಂದು ಸಲ ನಾನು ಮಾಡಿದೆ. ಆಮೇಲೆ ಹೆಂಡತಿ ಒಂದೂವರೆ ತಿಂಗಳು "ಏನಿಲ್ಲ" ಅಂದಳು, ನನಗೆ ಸಲ್ಲಬೇಕಾದದ್ದೇ. ಇವತ್ತು ನಿಮಗೆ ಹೇಳಿದ ಕಥೆಗಳಿಗೆ ಮನೆಯವರೆಲ್ಲರ ಒಪ್ಪಿಗೆ ಪಡೆದು ಬಂದಿದ್ದೇನೆ. ಮಗ ಒಂದನ್ನು ಹೊಡೆದುಹಾಕಿದ, ಅದನ್ನು ಹೇಳಿಲ್ಲ.

ಎರಡನೆಯದು, ಕುಡಿತ, ಹೊಡೆತ ಇರುವ ಮನೆಯಲ್ಲಿ ಇದನ್ನು ಔಷಧಿ ಅಂತ ಕೊಡಬೇಡಿ. ಹೊಡೆಯುವವನ ಎದುರು ಎದೆ ಭಾರ ಹೇಳು ಅನ್ನುವುದು ಅನ್ಯಾಯ. ಅಂಥವರು ಮೊದಲು ಹೊರಗಿನ ಸಹಾಯ ತೆಗೆದುಕೊಳ್ಳಬೇಕು.

ಮನೆಯಲ್ಲಿ ಒಬ್ಬರೇ ಇರುವವರು ಏನು ಮಾಡಬೇಕು ಅಂತ ಕಳೆದ ತಿಂಗಳು ಅಕ್ಕಪಕ್ಕದ ಮನೆಯವರು ಸೇರುವ ಕಿರು ಕ್ರೈಸ್ತ ಸಮುದಾಯದ ಕೂಟದಲ್ಲಿ ಒಬ್ಬ ಅಕ್ಕ ಕೇಳಿದರು. ಗಂಡ ತೀರಿಕೊಂಡಿದ್ದಾರೆ, ಮಕ್ಕಳಿಲ್ಲ. ನನಗೆ ಉತ್ತರ ಹೊಳೆಯಲಿಲ್ಲ. ಅವರೇ ದಾರಿ ಮಾಡಿಕೊಂಡಿದ್ದಾರೆ. ತಮ್ಮದೇ ಬೀದಿಯ ಇನ್ನೊಬ್ಬ ಒಂಟಿ ಹೆಂಗಸಿನ ಜೊತೆ ಭಾನುವಾರ ಪೂಜೆ ಮುಗಿಸಿ ನಡೆದು ಹೋಗುವಾಗ, ಚರ್ಚಿನ ಗೇಟಿನಿಂದ ಮನೆಯ ಗೇಟಿನವರೆಗೆ ಮಾತಾಡಿಕೊಳ್ಳುತ್ತಾರೆ. ಹೋಗುವಾಗ ಅರ್ಧ ದಾರಿ ಒಬ್ಬರು, ಅರ್ಧ ದಾರಿ ಇನ್ನೊಬ್ಬರು. ಎಮ್ಮಾವು ದಾರಿಗೆ ನಮ್ಮ ಚಾಪೆಗಿಂತ ಅವರೇ ಹತ್ತಿರ.

ಗಂಡ ಒಪ್ಪುವುದಿಲ್ಲ, ಮಗ ಎದ್ದು ಹೋಗುತ್ತಾನೆ ಅನ್ನುವವರು ಇಬ್ಬರಿಂದಲೇ ಶುರು ಮಾಡಿ. ಇಪ್ಪತ್ತು ನಿಮಿಷಕ್ಕಿಂತ ಜಾಸ್ತಿ ಬೇಡ. ಒಂದು ವಾರ ತಪ್ಪಿದರೆ ತಪ್ಪಲಿ, ನನಗೆ ನೈಟ್ ಶಿಫ್ಟ್ ಇದ್ದಾಗ ನಾವು ಸೋಮವಾರ ಕೂತಿದ್ದೇವೆ. ಕೊನೆಗೆ ಕೈ ಹಿಡಿದು ಪ್ರಭು ಕಲಿಸಿದ ಪ್ರಾರ್ಥನೆ ಹೇಳಿ. ಕ್ಷಮಿಸುವ ಸಾಲು ಬಂದಾಗ ಒಂದೊಂದು ವಾರ ಗಂಟಲು ಕಟ್ಟುತ್ತದೆ, ಆಗ ಅಲ್ಲೇ ಸ್ವಲ್ಪ ನಿಲ್ಲಿ.

ಈ ತುಂಡನ್ನು ಮುಂದಿನ ಸಾಲಿನಿಂದ ಕೈಯಿಂದ ಕೈಗೆ ದಾಟಿಸುತ್ತೇನೆ. ಹಿಡಿದು ನೋಡಿ, ತೂತಿನಲ್ಲಿ ಬೆರಳಿಟ್ಟು ನೋಡಿ. ಮಕ್ಕಳು ಹುಷಾರು, ಕಾಲ ಮೇಲೆ ಬಿದ್ದರೆ ನೋವಾಗುತ್ತದೆ. ಹೋಗುವಾಗ ಮರೆಯದೆ ವಾಪಸ್ ಕೊಡಿ. ಇವತ್ತು ಭಾನುವಾರ, ಎಂಟು ಗಂಟೆಗೆ ಬೇಕು.